ಮಂಡಿ ಒಳಕ್ಕೆ ವಾಲಿದರೆ: ಸೊಂಟದ ಬಲವನ್ನು ದೂರುವ ಮುನ್ನ ಮಾಡಬೇಕಾದ ತಪಾಸಣೆ

ಲಕ್ಷಣ ಇಷ್ಟು: ಮೆಟ್ಟಿಲಿಳಿಯುವಾಗ, ಒಂಟಿ ಕಾಲಲ್ಲಿ ಕುಕ್ಕರಿಸುವಾಗ ಅಥವಾ ಜಿಗಿದು ನೆಲ ಮುಟ್ಟುವಾಗ ಮಂಡಿ ಪಾದದ ನೇರ ಬಿಟ್ಟು ಒಳಗೆ ಬರುತ್ತದೆ. ಕೆಲವರಿಗೆ ಮಂಡಿಚಿಪ್ಪಿನ ಸುತ್ತ ನೋವೂ ಇರುತ್ತದೆ, ಹಲವರಿಗೆ ಏನೂ ಇರುವುದಿಲ್ಲ. ಇದನ್ನು ಕಂಡ ಕೂಡಲೇ ‘ಸೊಂಟದ ಸ್ನಾಯು ವೀಕು, ಕ್ಲಾಮ್‌ಶೆಲ್ ಮಾಡಿ’ (ಪಕ್ಕಕ್ಕೆ ಮಲಗಿ, ಮಡಚಿದ ಮಂಡಿಯನ್ನು ಚಿಪ್ಪು ತೆರೆದಂತೆ ಎತ್ತುವ ವ್ಯಾಯಾಮ) ಎಂಬ ಸಲಹೆ ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತದೆ. ಕೆಲವೊಮ್ಮೆ ಅದು ಸರಿಯೇ. ಆದರೆ ಬಿಗಿದ ಪಾದದ ಕೀಲು, ಕುಸಿಯುವ ಪಾದ, ತೊಡೆಮೂಳೆಯ ಹುಟ್ಟು ತಿರುವು, ತೊಡೆಯ ಮುಂಭಾಗದ ದುರ್ಬಲ ಸ್ನಾಯು, ಬರೀ ರೂಢಿ ಇವೆಲ್ಲವೂ ಹೊರಗಣ್ಣಿಗೆ ಇದೇ ಚಿತ್ರವನ್ನು ತೋರಿಸುತ್ತವೆ. ಯಾವುದು ಕಾರಣ ಎಂದು ತಿಳಿಯಲು ಒಂದೇ ದಾರಿ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಮಂಡಿ ಏನು ಮಾಡುತ್ತದೆ ನೋಡುವುದು.

ಮಂಡಿ ವಾಲಿದಂತೆ ಕಂಡಾಗ ನಿಜಕ್ಕೂ ಚಲಿಸುತ್ತಿರುವುದು ಏನು

ಮಂಡಿ ಮಡಚಲು ಬಿಡಿಸಲು ಇರುವ ಕೀಲು. ಪಕ್ಕಕ್ಕೆ ಬಾಗುವ ಅವಕಾಶ ಅದಕ್ಕೆ ಕೆಲವೇ ಡಿಗ್ರಿ. ಹಾಗಾದರೆ ಮುಂದಿನಿಂದ ನೋಡಿದಾಗ 15 ಡಿಗ್ರಿ ವಾಲಿದಂತೆ ಕಾಣುವುದು ಹೇಗೆ? ಬಹುಪಾಲು ಚಲನೆ ಮೇಲಿನ ಕೀಲಿನದು. ತೊಡೆಮೂಳೆ ಸೊಂಟದ ಕೀಲಿನಲ್ಲಿ ಒಳಕ್ಕೆ ಸರಿಯುತ್ತದೆ, ಜೊತೆಗೆ ಒಳಕ್ಕೆ ತಿರುಗುತ್ತದೆ. ಮಂಡಿ ಮಡಚಿರುವಾಗ ತೊಡೆ ಒಳಕ್ಕೆ ತಿರುಗಿದರೆ ಮಂಡಿಚಿಪ್ಪು ಒಳಮುಖವಾಗಿ ಪಕ್ಕದ ಕಾಲಿನ ಕಡೆ ನೋಡುತ್ತದೆ. ಕೆಳಗೆ ಪಾದ ಒಳಕ್ಕೆ ಕುಸಿದರೆ ಮೊಣಕಾಲ ಕೆಳಗಿನ ಮೂಳೆಯೂ ಅದರ ಜೊತೆ ತಿರುಗುತ್ತದೆ. ಮಂಡಿ ಈ ಎರಡರ ನಡುವೆ ಸಿಕ್ಕಿಕೊಂಡ ಕೀಲು.

ತೊಡೆಯನ್ನು ಒಳಕ್ಕೆ ಹೋಗದಂತೆ ತಡೆಯುವವು ಮುಖ್ಯವಾಗಿ ಪೃಷ್ಠದ ಮೂರು ಸ್ನಾಯುಗಳು. ಗ್ಲೂಟಿಯಸ್ ಮೀಡಿಯಸ್ ಮತ್ತು ಅದರಡಿಯ ಮಿನಿಮಸ್ ತೊಡೆಯನ್ನು ಹೊರಕ್ಕೆ ಎಳೆಯುತ್ತವೆ, ಸೊಂಟದ ಮೂಳೆಯನ್ನು ಮಟ್ಟವಾಗಿ ಹಿಡಿಯುತ್ತವೆ. ಗ್ಲೂಟಿಯಸ್ ಮ್ಯಾಕ್ಸಿಮಸ್ ತೊಡೆಯನ್ನು ಹಿಂದಕ್ಕೆ ಎಳೆಯುವುದಷ್ಟೇ ಅಲ್ಲ, ಹೊರತಿರುವಿನ ದೊಡ್ಡ ಶಕ್ತಿಯೂ ಅದೇ. ಅದರ ಮೇಲ್ಭಾಗದ ಎಳೆಗಳು ಹೊರಕ್ಕೆ ಎತ್ತುವುದರಲ್ಲೂ ಕೈಜೋಡಿಸುತ್ತವೆ. ಇವುಗಳ ಹಿಂದೆ ಪಿರಿಫಾರ್ಮಿಸ್, ಆಬ್ಚುರೇಟರ್‌ಗಳಂಥ ಆರು ಪುಟ್ಟ ಹೊರತಿರುವಿನ ಸ್ನಾಯುಗಳಿವೆ. ಪಕ್ಕದಲ್ಲೇ ಇರುವ ಟೆನ್ಸರ್ ಫ್ಯಾಸಿಯಾ ಲೇಟಾ ಸ್ವಲ್ಪ ದ್ವಂದ್ವದ ಮನುಷ್ಯ: ಅದು ತೊಡೆಯನ್ನು ಹೊರಕ್ಕೆ ಎತ್ತುತ್ತದೆ, ಆದರೆ ಒಳಕ್ಕೆ ತಿರುಗಿಸುತ್ತದೆ. ವ್ಯಾಯಾಮದಲ್ಲಿ ತಪ್ಪುವುದು ಹೆಚ್ಚಾಗಿ ಇಲ್ಲೇ. ಅದಕ್ಕೆ ಮುಂದೆ ಬರೋಣ.

ಒಂಟಿ ಕಾಲಲ್ಲಿ ನಿಂತಾಗ ಸೊಂಟದ ಮೇಲೆ ಬೀಳುವ ಹೊರೆಯನ್ನು ಒಮ್ಮೆ ಲೆಕ್ಕ ಹಾಕಿ. ನಿಂತ ಕಾಲನ್ನು ಕಳೆದು ದೇಹದ ಉಳಿದ ತೂಕ ಸುಮಾರು ಆರರಲ್ಲಿ ಐದು ಪಾಲು. ಆ ತೂಕ ಸೊಂಟದ ಕೀಲಿನಿಂದ ಇರುವ ದೂರ, ಸ್ನಾಯುವಿನ ಎಳೆತ ಕೀಲಿನಿಂದ ಇರುವ ದೂರದ ಎರಡು ಪಟ್ಟು ಅಥವಾ ಇನ್ನೂ ಹೆಚ್ಚು. ಆದ್ದರಿಂದ 60 ಕೆಜಿಯ ವ್ಯಕ್ತಿ ಸುಮ್ಮನೆ ಒಂದು ಕಾಲಲ್ಲಿ ನಿಂತರೂ ಪಕ್ಕದ ಸ್ನಾಯುಗಳು 100 ಕೆಜಿಗೂ ಮೀರಿದ ಬಲದಲ್ಲಿ ಎಳೆಯಬೇಕು. ಜಿಗಿದು ಇಳಿಯುವಾಗ ಇದು ಇನ್ನೂ ಏರುತ್ತದೆ. ಎರಡು ಕಾಲಿನ ಸ್ಕ್ವಾಟ್‌ನಲ್ಲಿ ಪಕ್ಕದ ಈ ಹೊರೆ ಬಹಳ ಕಡಿಮೆ. ಹಾಗಾಗಿ ಎರಡು ಕಾಲಲ್ಲಿ ಚೆನ್ನಾಗಿ ಕುಕ್ಕರಿಸಿದವರ ಸೊಂಟ ಗಟ್ಟಿಯಿದೆ ಎಂದು ಹೇಳಲಾಗದು. ಬಲಕ್ಕೂ ಮಂಡಿಯ ನೇರಕ್ಕೂ ಇರುವ ಸಂಬಂಧ ಒಂಟಿ ಕಾಲಿನ ಕೆಲಸಗಳಲ್ಲಿ, ಅದರಲ್ಲೂ ಜಿಗಿತದಲ್ಲಿ, ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ; ಎರಡು ಕಾಲಿನ ಚಲನೆಗಳಲ್ಲಿ ಮಸುಕಾಗುತ್ತದೆ.

ತಪಾಸಣೆ ಶುರು ಮಾಡುವ ಮೊದಲು

ಮಂಡಿ ಊದಿದ್ದರೆ, ಮಡಚಿದಲ್ಲೇ ಸಿಕ್ಕಿಹಾಕಿಕೊಳ್ಳುತ್ತಿದ್ದರೆ, ನಡೆಯುವಾಗ ಕೈಕೊಟ್ಟಂತೆ ಜಾರುತ್ತಿದ್ದರೆ, ಪೆಟ್ಟಾದಾಗ ‘ಟಪ್’ ಎಂದು ಸದ್ದಾಗಿದ್ದರೆ, ಕಾಲೂರಲು ಆಗದಿದ್ದರೆ, ಜ್ವರ ಅಥವಾ ರಾತ್ರಿ ಎಬ್ಬಿಸುವ ನೋವಿದ್ದರೆ ಇಲ್ಲಿನ ಯಾವ ಪರೀಕ್ಷೆಯೂ ಬೇಡ, ವೈದ್ಯರೇ ನೋಡಬೇಕು. ಇನ್ನೆರಡು ಸಂಗತಿಗಳು ಸುಲಭವಾಗಿ ಕಣ್ತಪ್ಪುತ್ತವೆ. ಹತ್ತರಿಂದ ಹದಿನಾರರ ಒಳಗಿನ ಮಗು ಕುಂಟುತ್ತಾ ‘ಮಂಡಿ ನೋವು’ ಎಂದರೆ ಸೊಂಟದ ಕೀಲನ್ನು ತಪ್ಪದೆ ನೋಡಿಸಬೇಕು: ತೊಡೆಮೂಳೆಯ ತಲೆ ಬೆಳವಣಿಗೆಯ ಪದರದಲ್ಲಿ ಜಾರಿದಾಗ ನೋವು ಮಂಡಿಯಲ್ಲಷ್ಟೇ ಕಾಣಿಸಿಕೊಳ್ಳುವುದುಂಟು. ಎರಡನೆಯದು, ಒಂದೇ ಬದಿಯ ಸೊಂಟ ಇದ್ದಕ್ಕಿದ್ದಂತೆ ಸೋತಿದ್ದರೆ ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ ನಡೆಸಿ, ಕಾಲಿನ ಹೆಬ್ಬೆರಳನ್ನು ನಿಮ್ಮ ಕೈಗೆ ಎದುರಾಗಿ ಮೇಲೆತ್ತಿಸಿ. ಅದೂ ಸೋತರೆ ತೊಂದರೆ ಬೆನ್ನುಮೂಳೆಯಿಂದ ಬರುವ ನರದ್ದಿರಬಹುದು. ಗ್ಲೂಟಿಯಸ್ ಮೀಡಿಯಸ್‌ಗೂ ಹೆಬ್ಬೆರಳನ್ನು ಎತ್ತುವ ಸ್ನಾಯುವಿಗೂ ಸೊಂಟದ ಐದನೇ ನರಬೇರಿನ ಪಾಲಿದೆ. ನರ ಸೋತಾಗ ರಬ್ಬರ್ ಬ್ಯಾಂಡ್ ಎಳೆಸಿ ಪ್ರಯೋಜನವಿಲ್ಲ.

ವಿಡಿಯೊ ತೆಗೆಯುವ ರೀತಿ

ಕಣ್ಣಳತೆಯನ್ನು ನಂಬಬೇಡಿ. ಫೋನನ್ನು ಸ್ಟ್ಯಾಂಡಿನ ಮೇಲೆ ಮಂಡಿಯ ಎತ್ತರಕ್ಕೆ, 2–3 ಮೀಟರ್ ದೂರದಲ್ಲಿ, ವ್ಯಕ್ತಿಗೆ ನೇರ ಎದುರಾಗಿ ಇಡಿ. ಫೋನ್ ಒಂದು ಅಡಿ ಪಕ್ಕಕ್ಕೆ ಸರಿದಿದ್ದರೂ ಒಂದು ಮಂಡಿ ಚೆನ್ನಾಗಿ, ಇನ್ನೊಂದು ಕೆಟ್ಟದಾಗಿ ಕಾಣುತ್ತದೆ. ಸಡಿಲ ಪ್ಯಾಂಟ್ ಬೇಡ, ಚಡ್ಡಿ, ಬರಿಗಾಲು. ಮೂರು ಕಡೆ ಬಣ್ಣದ ಟೇಪ್ ಅಂಟಿಸಿ: ಸೊಂಟದ ಮುಂದೆ ಕೈಗೆ ಸಿಗುವ ಎಲುಬಿನ ತುದಿ, ಮಂಡಿಚಿಪ್ಪಿನ ನಡು, ಪಾದದ ಕೀಲಿನ ಎರಡು ಗಿಣ್ಣುಗಳ ನಡುಬಿಂದು. ಪಾದ ನೇರ ಮುಂದಕ್ಕೆ ಇರಲಿ. 30 ಡಿಗ್ರಿ ಹೊರಕ್ಕೆ ತಿರುಗಿಸಿ ನಿಂತವರ ಮಂಡಿ, ನೇರ ಇದ್ದರೂ ಪಾದಕ್ಕಿಂತ ಒಳಗಿರುವಂತೆ ಕಾಣುತ್ತದೆ.

ಮಂಡಿ ಸುಮಾರು 60 ಡಿಗ್ರಿ ಮಡಚಿದ ಕ್ಷಣದಲ್ಲಿ ವಿಡಿಯೊ ನಿಲ್ಲಿಸಿ, ಆ ಮೂರು ಬಿಂದುಗಳ ನಡುವಿನ ಕೋನ ಅಳೆಯಿರಿ. ನೇರ ಗೆರೆಯಿಂದ ಎಷ್ಟು ಡಿಗ್ರಿ ಒಳಕ್ಕೆ ಎಂಬುದೇ ನಿಮ್ಮ ಆಧಾರಸಂಖ್ಯೆ. ಆರೋಗ್ಯವಂತರಲ್ಲೂ ಇದು ಸೊನ್ನೆಯಲ್ಲ. ಕೆಲವು ಡಿಗ್ರಿ ಒಳವಾಲು ಮಾಮೂಲು, ಹೆಂಗಸರಲ್ಲಿ ಸರಾಸರಿ ಸ್ವಲ್ಪ ಹೆಚ್ಚು. ಒಂದು ಪ್ರಯತ್ನದಿಂದ ಇನ್ನೊಂದಕ್ಕೆ 3 ಡಿಗ್ರಿವರೆಗಿನ ವ್ಯತ್ಯಾಸವನ್ನು ಅಳತೆಯ ಏರುಪೇರು ಎಂದೇ ಬಿಡಿ. ಐದು ಸಲ ಮಾಡಿಸಿ, ನಡುವಿನ ಮೂರರ ಸರಾಸರಿ ತೆಗೆದುಕೊಳ್ಳಿ. ಈ ಕೋನ ಮಂಡಿ ಕೀಲಿನ ನಿಜವಾದ ಪಕ್ಕಬಾಗು ಅಲ್ಲ, ಅದರ ನೆರಳು ಮಾತ್ರ. ಹೋಲಿಕೆಗೆ ಸಾಕು, ರೋಗನಿರ್ಣಯಕ್ಕೆ ಸಾಲದು.

ಮುಖ್ಯ ಪರೀಕ್ಷೆ: ಪಕ್ಕದ ಮೆಟ್ಟಿಲಿಳಿತ

20 ಸೆಂ.ಮೀ. ಎತ್ತರದ ಗಟ್ಟಿ ಮಣೆಯ ಅಂಚಿನಲ್ಲಿ ಪರೀಕ್ಷಿಸಬೇಕಾದ ಕಾಲನ್ನು ಇಟ್ಟು ನಿಲ್ಲಿಸಿ. ಇನ್ನೊಂದು ಕಾಲು ಮಣೆಯ ಪಕ್ಕ ಗಾಳಿಯಲ್ಲಿ, ಮಂಡಿ ನೇರವಾಗಿ. ಕೈಗಳು ಸೊಂಟದ ಮೇಲೆ. ಹಿಮ್ಮಡಿ ನೆಲವನ್ನು ಸವರುವಷ್ಟು ಇಳಿದು, ಭಾರ ಹಾಕದೆ ಮೇಲೇಳಬೇಕು. ಐದು ಸಲ. ಅಂಕ ಹೀಗೆ: ಸಮತೋಲಕ್ಕೆ ಕೈ ಎತ್ತಿದರೆ 1. ಮುಂಡ ಯಾವುದಾದರೂ ಬದಿಗೆ ಓರೆಯಾದರೆ 1. ಸೊಂಟದ ಮೂಳೆ ಒಂದು ಬದಿ ಏರಿದರೆ ಅಥವಾ ತಿರುಗಿದರೆ 1. ಮಂಡಿಚಿಪ್ಪಿನ ಕೆಳಗಿನ ಎಲುಬಿನ ಗುಬ್ಬಿ ಎರಡನೇ ಬೆರಳಿಗಿಂತ ಒಳಗೆ ಬಂದರೆ 1, ಪಾದದ ಒಳ ಅಂಚನ್ನೇ ದಾಟಿದರೆ 2. ಕಾಲು ನೆಲಕ್ಕಿಟ್ಟು ಆಸರೆ ಪಡೆದರೆ ಅಥವಾ ನಿಂತ ಕಾಲು ಅಲುಗಾಡಿದರೆ 1. ಒಟ್ಟು 0–1 ಬಂದರೆ ಚೆನ್ನ, 2–3 ಸಾಧಾರಣ, 4 ಅಥವಾ ಹೆಚ್ಚು ಬಂದರೆ ಕೆಟ್ಟದ್ದು.

ಒಟ್ಟು ಅಂಕಕ್ಕಿಂತ ಅಂಕ ಎಲ್ಲಿಂದ ಬಂತು ಎಂಬುದರಲ್ಲಿ ಸುಳಿವು ಹೆಚ್ಚು. ಒಂಟಿ ಕಾಲಲ್ಲಿ ನಿಂತಾಗ ಎತ್ತಿದ ಕಾಲಿನ ಬದಿಯ ಸೊಂಟ ಕುಸಿಯುವುದು ಫ್ರೀಡ್ರಿಶ್ ಟ್ರೆಂಡೆಲೆನ್‌ಬರ್ಗ್ 1895ರಲ್ಲಿ ವಿವರಿಸಿದ ಹಳೆಯ ಲಕ್ಷಣ. ಆದರೆ ಬಹಳ ಜನ ಕುಸಿಯಲು ಬಿಡುವುದೇ ಇಲ್ಲ; ಬದಲಿಗೆ ಮುಂಡವನ್ನು ನಿಂತ ಕಾಲಿನ ಮೇಲೆ ಓರೆ ಮಾಡಿ, ಸೊಂಟದ ಸ್ನಾಯುವಿನ ಹೊರೆ ಇಳಿಸಿಕೊಳ್ಳುತ್ತಾರೆ. ಸೊಂಟ ಮಟ್ಟವಾಗಿದೆ ಎಂದು ಪರೀಕ್ಷಕರೂ ‘ಪಾಸ್’ ಎಂದುಬಿಡುತ್ತಾರೆ. ಮಂಡಿಯ ದೃಷ್ಟಿಯಿಂದ ಈ ಓರೆಯೇ ಕೆಟ್ಟದ್ದು. ಮುಂಡ ಹೊರಕ್ಕೆ ಹೋದಾಗ ನೆಲದಿಂದ ಬರುವ ಪ್ರತಿಬಲದ ಗೆರೆ ಮಂಡಿಯ ಹೊರಬದಿಗೆ ಸರಿದು, ಮಂಡಿಯನ್ನು ಒಳಕ್ಕೆ ತಳ್ಳುತ್ತದೆ. ಬರೀ ಸೊಂಟ ಕುಸಿದರೆ ಬಲದ ಗೆರೆ ಮಂಡಿಯ ಒಳಬದಿಯಲ್ಲೇ ಉಳಿಯುತ್ತದೆ. ಆದ್ದರಿಂದ ವಿಡಿಯೊದಲ್ಲಿ ಮೊದಲು ಭುಜಗಳನ್ನು ನೋಡಿ, ಆಮೇಲೆ ಮಂಡಿ.

ಒಂದೊಂದೇ ಬದಲಿಸಿ ನೋಡುವುದು

ಈಗ ಅದೇ ಮೆಟ್ಟಿಲಿಳಿತವನ್ನು ಸಣ್ಣ ಬದಲಾವಣೆಗಳೊಂದಿಗೆ ಮತ್ತೆ ಮಾಡಿಸಿ. ಪ್ರತಿ ಬದಲಾವಣೆಯ ನಡುವೆ ಒಂದು ನಿಮಿಷ ವಿಶ್ರಾಂತಿ ಕೊಡಿ, ಇಲ್ಲವಾದರೆ ನೀವು ಅಳೆಯುವುದು ದಣಿವನ್ನು.

ಹಿಮ್ಮಡಿಯ ಕೆಳಗೆ 2.5 ಸೆಂ.ಮೀ. ದಪ್ಪದ ಹಲಗೆ ಇಡಿ. ಮಂಡಿ ತಟ್ಟನೆ ನೇರವಾದರೆ ದೋಷ ಪಾದದ ಕೀಲಿನದು, ಸೊಂಟದ್ದಲ್ಲ. ಕಾರಣ ಸರಳ: ಮೊಣಕಾಲ ಕೆಳಭಾಗ ಮುಂದಕ್ಕೆ ಬಾಗಲು ಜಾಗ ಸಿಗದಿದ್ದಾಗ ಪಾದ ಒಳಕ್ಕೆ ಕುಸಿದು ಆ ಜಾಗ ಮಾಡಿಕೊಡುತ್ತದೆ, ಮಂಡಿ ಅದರ ಹಿಂದೆ ಹೋಗುತ್ತದೆ. ಖಚಿತಪಡಿಸಲು ಗೋಡೆಯ ಪರೀಕ್ಷೆ ಮಾಡಿ: ಹಿಮ್ಮಡಿ ನೆಲ ಬಿಡದಂತೆ, ಮಂಡಿ ಎರಡನೇ ಬೆರಳಿನ ನೇರಕ್ಕೆ ಗೋಡೆ ಮುಟ್ಟುವಂತೆ, ಹೆಬ್ಬೆರಳನ್ನು ಗೋಡೆಯಿಂದ ಎಷ್ಟು ದೂರ ಒಯ್ಯಬಹುದು ಅಳೆಯಿರಿ. 10 ಸೆಂ.ಮೀ. ಆಸುಪಾಸು ಇದ್ದರೆ ಸಾಕು. 1 ಸೆಂ.ಮೀ. ಅಂದರೆ ಸುಮಾರು ಮೂರೂವರೆ ಡಿಗ್ರಿ. ಎರಡು ಕಾಲಿನ ನಡುವೆ 2 ಸೆಂ.ಮೀ. ವ್ಯತ್ಯಾಸವಿದ್ದು, ಕಡಿಮೆ ಇರುವ ಬದಿಯೇ ವಾಲುತ್ತಿದ್ದರೆ ಮೊದಲು ಅದನ್ನು ಸರಿಪಡಿಸಿ. ಬಿಗಿತ ಮೀನಖಂಡದಲ್ಲಿ ಅನ್ನಿಸಿದರೆ ಹಿಗ್ಗಿಸುವುದು ಫಲ ಕೊಡುತ್ತದೆ. ಕೀಲಿನ ಮುಂಭಾಗದಲ್ಲಿ ಒತ್ತಿದಂತೆ ಅನ್ನಿಸಿದರೆ ಎಷ್ಟು ಹಿಗ್ಗಿಸಿದರೂ ಬಿಡುವುದಿಲ್ಲ, ಕೀಲನ್ನು ಫಿಸಿಯೊಥೆರಪಿಸ್ಟ್ ಕೈಯಿಂದ ಸಡಿಲಿಸಬೇಕಾದೀತು.

ಹಲಗೆಯಿಂದ ಏನೂ ಆಗದಿದ್ದರೆ ಅದನ್ನು ತೆಗೆದು ಪಾದದ ಒಳ ಅಂಚಿನಡಿ ಮಡಚಿದ ಬಟ್ಟೆ ಇಡಿ, ಸುಮಾರು 1 ಸೆಂ.ಮೀ. ಎತ್ತರ. ಇದರಿಂದ ಮಂಡಿ ಸುಧಾರಿಸಿದರೆ ಪಾದವೇ ಮಂಡಿಯನ್ನು ಎಳೆಯುತ್ತಿದೆ. ಕುಳಿತಾಗಿನ ಮತ್ತು ನಿಂತಾಗಿನ ಪಾದದ ಕಮಾನಿನ ಎತ್ತರ ಹೋಲಿಸಿ. ಕಮಾನಿನ ನಡುವಿನ ಎಲುಬು 10 ಮಿ.ಮೀ. ಮೀರಿ ಕೆಳಗಿಳಿದರೆ ಕುಸಿತ ಹೆಚ್ಚು ಎಂದರ್ಥ.

ಮೂಳೆಯ ಆಕಾರ ತಿಳಿಯಲು ವ್ಯಕ್ತಿಯನ್ನು ಬೋರಲು ಮಲಗಿಸಿ, ಮಂಡಿ 90 ಡಿಗ್ರಿ ಮಡಚಿಸಿ. ಪಾದವನ್ನು ಹೊರಕ್ಕೆ ಬಿಟ್ಟರೆ ತೊಡೆ ಒಳಕ್ಕೆ ತಿರುಗುತ್ತದೆ, ಪಾದವನ್ನು ಒಳಕ್ಕೆ ತಂದರೆ ತೊಡೆ ಹೊರಕ್ಕೆ. ಎರಡೂ 40ರ ಆಸುಪಾಸು ಇದ್ದರೆ ಸರಿ. ಒಳತಿರುವು 65–70, ಹೊರತಿರುವು 20 ಮಾತ್ರ ಎಂದು ಬಂದರೆ ತೊಡೆಮೂಳೆಯ ಕುತ್ತಿಗೆ ಮುಂದಕ್ಕೆ ತಿರುಗಿಕೊಂಡೇ ಬೆಳೆದಿರುವ ಸಂಭವ ಹೆಚ್ಚು. ಇಂಥವರು ಚಿಕ್ಕಂದಿನಿಂದ ಕಾಲನ್ನು ಹಿಂದಕ್ಕೆ ‘ಡಬ್ಲ್ಯು’ ಆಕಾರದಲ್ಲಿ ಮಡಚಿ ಸುಖವಾಗಿ ಕೂರುತ್ತಾರೆ. ಅವರ ಮಂಡಿ ಸ್ವಲ್ಪ ಒಳಗಿದ್ದರೂ ಅದು ಅವರ ಸಹಜ ನೇರ. ಪೃಷ್ಠದ ಸ್ನಾಯುವನ್ನು ಎಷ್ಟು ಬೆಳೆಸಿದರೂ ಮೂಳೆಯ ತಿರುವು ಬದಲಾಗದು. ‘ಮಂಡಿ ಹೊರಗೆ, ಹೊರಗೆ’ ಎಂದು ಒತ್ತಾಯಿಸಿದರೆ ಸೊಂಟದ ಕೀಲೇ ನೋಯತೊಡಗುತ್ತದೆ.

ಇಷ್ಟಾದ ಮೇಲೂ ಮಂಡಿ ವಾಲುತ್ತಿದ್ದರೆ ಉಳಿದಿರುವುದು ಬಲ ಮತ್ತು ನಿಯಂತ್ರಣ. ಇವೆರಡನ್ನು ಬೇರ್ಪಡಿಸಲು ಮೂರು ಪ್ರಯೋಗ. ಒಂದು, ಗೋಡೆಯನ್ನು ಒಂದು ಬೆರಳಿನಿಂದ ಮುಟ್ಟಿಸಿ ಇಳಿಸಿ. ಬೆರಳ ಸ್ಪರ್ಶಕ್ಕೇ ಮಂಡಿ ನೇರವಾದರೆ ಕೊರತೆ ಸಮತೋಲದ್ದು. ಎರಡು, ಎದುರಿಗೆ ಕನ್ನಡಿ ಇಟ್ಟು ‘ಮಂಡಿಚಿಪ್ಪು ಎರಡನೇ ಬೆರಳಿನ ಕಡೆ ನೋಡಲಿ’ ಎಂದು ಒಮ್ಮೆ ಹೇಳಿ. ಅಷ್ಟಕ್ಕೇ ಸರಿಯಾದರೆ ಬಲ ಇದೆ, ಬಳಸುತ್ತಿಲ್ಲ. ಮೂರು, ಮಣೆಯನ್ನು 10 ಸೆಂ.ಮೀ.ಗೆ ಇಳಿಸಿ. 10ರಲ್ಲಿ ನೇರ, 20ರಲ್ಲಿ ಎಷ್ಟು ಹೇಳಿದರೂ ವಾಲು ಎಂದಾದರೆ ಬಲದ ಕೊರತೆಯೇ. ಆಗಲೂ ಅದು ಸೊಂಟದ್ದೋ ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್‌ದ್ದೋ ಎಂಬ ಪ್ರಶ್ನೆ ಉಳಿಯುತ್ತದೆ. ಮುಂಡವನ್ನು ಮುಂದಕ್ಕೆ ಚೆನ್ನಾಗಿ ಬಾಗಿಸಿ ಇಳಿಸಿದಾಗ ಮಂಡಿ ನೇರವಾದರೆ ಕ್ವಾಡ್ರಿಸೆಪ್ಸ್ ಮೇಲೆ ಅನುಮಾನ: ಮುಂದೆ ಬಾಗಿದಾಗ ಹೊರೆ ಮಂಡಿಯಿಂದ ಸೊಂಟಕ್ಕೆ ವರ್ಗವಾಗುತ್ತದೆ, ಸೊಂಟ ಅದನ್ನು ಹೊತ್ತುಕೊಂಡಿತು ಎಂದರ್ಥ.

ಸೊಂಟದ ಬಲ ಅಳೆಯುವುದು

ಕೈಯಿಂದ ಒತ್ತಿ ‘ಗಟ್ಟಿಯಿದೆ, ಇಲ್ಲ’ ಎನ್ನುವುದು ಆರೋಗ್ಯವಂತರಲ್ಲಿ ಕೆಲಸಕ್ಕೆ ಬಾರದು. 20 ಪ್ರತಿಶತ ಕೊರತೆಯನ್ನೂ ಕೈ ಗುರುತಿಸದು. ಬಲ ಅಳೆಯುವ, ಕೈಯಲ್ಲಿ ಹಿಡಿಯುವ ಡೈನಮೋಮೀಟರ್ ಇದ್ದರೆ ಅದನ್ನು ಬೆಲ್ಟ್‌ನಿಂದ ಬಿಗಿದೇ ಬಳಸಿ. ಕೈಯಲ್ಲಿ ಹಿಡಿದರೆ ಅಳೆಯುವುದು ಪರೀಕ್ಷಕರ ತೋಳಬಲವನ್ನು. ಅದಿಲ್ಲದಿದ್ದರೆ ಲಗೇಜ್ ತೂಗುವ ಡಿಜಿಟಲ್ ಕೊಕ್ಕೆ ತಕ್ಕಡಿ ಸಾಕು. ಅತಿ ಹೆಚ್ಚಿನ ತೂಕವನ್ನು ಹಿಡಿದಿಟ್ಟು ತೋರಿಸುವಂಥದ್ದು ಆರಿಸಿ.

ವ್ಯಕ್ತಿಯನ್ನು ಬೆನ್ನ ಮೇಲೆ ಮಲಗಿಸಿ; ಕಾಲಿನ ತೂಕ ಲೆಕ್ಕಕ್ಕೆ ಬರದಿರಲು ಈ ಭಂಗಿ. ಹಿಮ್ಮಡಿ ನೆಲಕ್ಕೆ ಉಜ್ಜದಂತೆ ಕೆಳಗೆ ನುಣುಪು ಬಟ್ಟೆ. ಪಾದದ ಕೀಲಿನ ಮೇಲೆ ಅಗಲದ ಪಟ್ಟಿ ಕಟ್ಟಿ, ಅದನ್ನು ತಕ್ಕಡಿಗೆ, ತಕ್ಕಡಿಯನ್ನು ಒಳಬದಿಯಲ್ಲಿರುವ ಅಲುಗದ ಕಂಬಕ್ಕೆ ಅಥವಾ ಭಾರದ ಮಂಚದ ಕಾಲಿಗೆ ಕಟ್ಟಿ. ಪಟ್ಟಿ ಕಾಲಿಗೆ ಲಂಬವಾಗಿರಲಿ. ಸೊಂಟವನ್ನು ಇನ್ನೊಬ್ಬರು ಒತ್ತಿ ಹಿಡಿಯಲಿ. ಎರಡು ಸೆಕೆಂಡಿನಲ್ಲಿ ನಿಧಾನಕ್ಕೆ ಬಲ ಏರಿಸಿ, ಐದು ಸೆಕೆಂಡ್ ಪೂರ್ತಿ ಬಲದಿಂದ ಕಾಲನ್ನು ಹೊರಕ್ಕೆ ತಳ್ಳಬೇಕು. ಒಮ್ಮೆ ರೂಢಿಗೆ, ಮೂರು ಸಲ ಲೆಕ್ಕಕ್ಕೆ. ನಡುವೆ 30–60 ಸೆಕೆಂಡ್ ವಿಶ್ರಾಂತಿ.

ತಕ್ಕಡಿಯ ಕೆಜಿಯನ್ನು ಹಾಗೇ ಹೋಲಿಸಬೇಡಿ. ಉದ್ದ ಕಾಲಿನವರಿಗೆ ಅನ್ಯಾಯವಾಗುತ್ತದೆ. ತೊಡೆಯ ಹೊರಬದಿಯ ಎಲುಬಿನ ಗುಬ್ಬಿಯಿಂದ ಪಟ್ಟಿಯವರೆಗಿನ ದೂರ ಅಳೆಯಿರಿ. ಉದಾಹರಣೆಗೆ 12 ಕೆಜಿ, 0.75 ಮೀಟರ್, ದೇಹತೂಕ 60 ಕೆಜಿ: 12 × 9.81 = 117.7 ನ್ಯೂಟನ್; × 0.75 = 88.3 ನ್ಯೂಟನ್-ಮೀಟರ್; ÷ 60 = ಕೆಜಿಗೆ 1.47. ಎರಡೂ ಬದಿ ಹೀಗೆ ಲೆಕ್ಕ ಹಾಕಿ. ವಾಲುವ ಬದಿ 10 ಪ್ರತಿಶತಕ್ಕಿಂತ ಹೆಚ್ಚು ಹಿಂದಿದ್ದರೆ ಬಲದ ಕೊರತೆ ಎಂದು ಬರೆದುಕೊಳ್ಳಿ. ಎರಡೂ ಬದಿ ಸಮಾನವಾಗಿ ದುರ್ಬಲವಿದ್ದರೆ ಈ ಹೋಲಿಕೆ ಸುಳ್ಳು ಸಮಾಧಾನ ಕೊಡುತ್ತದೆ ಎಂಬುದೂ ನೆನಪಿರಲಿ.

ಹೊರತಿರುವಿನ ಬಲವನ್ನೂ ಅಳೆಯಿರಿ, ಅದೂ ಎರಡು ಭಂಗಿಗಳಲ್ಲಿ: ಕುಳಿತು ಮತ್ತು ಬೋರಲು ಮಲಗಿ. ಎರಡರಲ್ಲೂ ಮಂಡಿ 90 ಡಿಗ್ರಿ. ಸೊಂಟ ಮಡಚಿದಷ್ಟೂ ಈ ಸ್ನಾಯುಗಳ ಕೆಲಸ ಬದಲಾಗುತ್ತದೆ: ಗ್ಲೂಟಿಯಸ್ ಮೀಡಿಯಸ್‌ನ ಮುಂಭಾಗ ಮತ್ತು ಪಿರಿಫಾರ್ಮಿಸ್ 90 ಡಿಗ್ರಿಯಲ್ಲಿ ಒಳಕ್ಕೇ ತಿರುಗಿಸತೊಡಗುತ್ತವೆ, ಮ್ಯಾಕ್ಸಿಮಸ್‌ನ ಹೊರತಿರುವಿನ ಹಿಡಿತವೂ ಸಡಿಲವಾಗುತ್ತದೆ. ಆಳಕ್ಕೆ ಕುಕ್ಕರಿಸಿದಾಗ ಮಾತ್ರ ಮಂಡಿ ವಾಲುವವರಲ್ಲಿ, ಮಲಗಿದಾಗಿನ ಅಂಕಿ ಚೆನ್ನಾಗಿದ್ದು ಕುಳಿತಾಗಿನದು ಸೋಲುವುದುಂಟು.

ಅಳತೆ ಮಾಡುವಾಗ ನೋವಾದರೆ ಆ ಅಂಕಿಯನ್ನು ಬಲ ಎಂದು ಬರೆಯಬೇಡಿ. ಮಂಡಿಚಿಪ್ಪಿನ ನೋವಿರುವವರಲ್ಲಿ ಸೊಂಟದ ಬಲ ಕಡಿಮೆ ಕಾಣುವುದು ನಿಜ. ಆದರೆ ನೋವಿಲ್ಲದವರ ಬಲವನ್ನು ಮೊದಲೇ ಅಳೆದು, ಯಾರಿಗೆ ನೋವು ಬರುತ್ತದೆ ಎಂದು ಕಾದು ನೋಡಿದ ಅಧ್ಯಯನಗಳಲ್ಲಿ ಕಡಿಮೆ ಬಲವೇ ಮುನ್ಸೂಚನೆ ಎಂಬುದು ಗಟ್ಟಿಯಾಗಿ ನಿಂತಿಲ್ಲ. ನೋವೇ ಬಲವನ್ನು ತಗ್ಗಿಸುವ ಸಾಧ್ಯತೆ ಇದೆ. ಹಾಗೆಂದು ಸೊಂಟದ ವ್ಯಾಯಾಮ ದಂಡವಲ್ಲ. ಮಂಡಿಚಿಪ್ಪಿನ ನೋವು ಇಳಿಸುವಲ್ಲಿ ಅದಕ್ಕೆ ಒಳ್ಳೆಯ ಹೆಸರಿದೆ. ಕಾರಣ ಮತ್ತು ಮದ್ದು ಒಂದೇ ಆಗಬೇಕಿಲ್ಲ.

ಬಲವೇ ಕಾರಣ ಎಂದು ಖಚಿತವಾದ ಮೇಲೆ

ವಾರಕ್ಕೆ 2–3 ದಿನ, ಪ್ರತಿ ವ್ಯಾಯಾಮ 3 ಸುತ್ತು, ಸುತ್ತಿಗೆ 8–12 ಸಲ. ಸುತ್ತಿನ ಕೊನೆಗೆ ಇನ್ನೆರಡು ಸಲಕ್ಕಷ್ಟೇ ಶಕ್ತಿ ಉಳಿದಿರುವಷ್ಟು ಭಾರ. 30 ಸಲ ಸಲೀಸಾಗಿ ಮಾಡುವ ಬ್ಯಾಂಡ್ ಬಲ ಕೊಡದು. ಮೊದಲ ಮೂರ್ನಾಲ್ಕು ವಾರದಲ್ಲಿ ಏರುವ ಅಂಕಿ ಬಹುಪಾಲು ನರಗಳ ಹೊಂದಾಣಿಕೆ. ಸ್ನಾಯುವೇ ಬೆಳೆಯಲು 6–8 ವಾರ ಬೇಕು.

ಕ್ಲಾಮ್‌ಶೆಲ್‌ನಲ್ಲಿ ಗ್ಲೂಟಿಯಸ್ ಮೀಡಿಯಸ್ ತನ್ನ ಗರಿಷ್ಠದ ಸುಮಾರು 40 ಪ್ರತಿಶತ ಮಾತ್ರ ದುಡಿಯುತ್ತದೆ. ಟೆನ್ಸರ್ ಫ್ಯಾಸಿಯಾ ಲೇಟಾವನ್ನು ಸುಮ್ಮನಿರಿಸುತ್ತದೆ ಎಂಬುದು ಅದರ ಗುಣ. ಆರಂಭಕ್ಕೆ, ನೋವಿರುವವರಿಗೆ ಒಳ್ಳೆಯದು, ಎರಡು ವಾರದ ಮೇಲೆ ಅದರಲ್ಲೇ ಉಳಿಯುವುದು ವ್ಯರ್ಥ. ಪಕ್ಕಕ್ಕೆ ಮಲಗಿ ಕಾಲೆತ್ತುವುದರಲ್ಲಿ ಅದೇ ಸ್ನಾಯು 80 ಪ್ರತಿಶತದ ಹತ್ತಿರ ಹೋಗುತ್ತದೆ, ಒಂಟಿ ಕಾಲಿನ ಸ್ಕ್ವಾಟ್ ಮತ್ತು ಬ್ಯಾಂಡ್ ಹಾಕಿ ಪಕ್ಕಕ್ಕೆ ನಡೆಯುವುದರಲ್ಲಿ 60ರ ಆಸುಪಾಸು. ಮ್ಯಾಕ್ಸಿಮಸ್‌ಗೆ ಒಂಟಿ ಕಾಲಿನ ಸ್ಕ್ವಾಟ್ ಮತ್ತು ಒಂಟಿ ಕಾಲಿನ ಡೆಡ್‌ಲಿಫ್ಟ್ (ಸೊಂಟದಿಂದ ಮುಂದಕ್ಕೆ ಬಾಗಿ ಏಳುವುದು) ಎರಡೂ ಚೆನ್ನ.

ಪಕ್ಕಕ್ಕೆ ಮಲಗಿ ಕಾಲೆತ್ತುವುದು ನೋಡಲು ಸುಲಭ, ಕೆಡಿಸಲು ಇನ್ನೂ ಸುಲಭ. ಕಾಲು ಮೇಲೇರುತ್ತಾ ಮುಂದಕ್ಕೆ ಜಾರುತ್ತದೆ, ಸೊಂಟ ಹಿಂದಕ್ಕೆ ಉರುಳುತ್ತದೆ, ಕಾಲ್ಬೆರಳು ಚಾವಣಿ ನೋಡುತ್ತದೆ. ಆಗ ದುಡಿಯುವುದು ಟೆನ್ಸರ್ ಫ್ಯಾಸಿಯಾ ಲೇಟಾ ಮತ್ತು ತೊಡೆಯ ಮುಂಭಾಗ; ಸುಸ್ತು ಸೊಂಟದ ಮುಂಬದಿಯ ಜೇಬಿನ ಜಾಗದಲ್ಲಿ ಅನ್ನಿಸುತ್ತದೆ. ಸರಿಪಡಿಸಲು ಗೋಡೆಗೆ ಬೆನ್ನು ಮತ್ತು ಪೃಷ್ಠ ತಾಗಿಸಿ ಮಲಗಿಸಿ. ಮೇಲಿನ ಕಾಲಿನ ಹಿಮ್ಮಡಿ ಗೋಡೆಯನ್ನು ಸವರುತ್ತಲೇ ಏರಿ ಇಳಿಯಬೇಕು, ಬೆರಳುಗಳು ನೇರ ಮುಂದಕ್ಕೆ ಅಥವಾ ತುಸು ಕೆಳಕ್ಕೆ. 30 ಡಿಗ್ರಿಗಿಂತ ಮೇಲೆತ್ತುವುದು ಬೇಡ, ಅಲ್ಲಿಂದಾಚೆ ಬೆನ್ನು ಬಾಗುತ್ತದೆ. ಈಗ ಸುಸ್ತು ಪೃಷ್ಠದ ಹಿಂಬದಿಯ ಮೇಲ್ಭಾಗದಲ್ಲಿ ಅನ್ನಿಸಬೇಕು. ಎಂಟು ಸಲಕ್ಕೇ ಹೆಚ್ಚಿನವರು ಸೋಲುತ್ತಾರೆ. ಅದು ಒಳ್ಳೆಯ ಸೂಚನೆ.

ಬ್ಯಾಂಡ್ ಹಾಕಿ ಪಕ್ಕಕ್ಕೆ ನಡೆಯುವಾಗ ಮಂಡಿ ತುಸು ಮಡಚಿ, ಸೊಂಟ ಹಿಂದಕ್ಕಿಟ್ಟು ನಡೆಯಿರಿ. ನೆಟ್ಟಗೆ ನಿಂತು ನಡೆದರೆ ಟೆನ್ಸರ್ ಫ್ಯಾಸಿಯಾ ಲೇಟಾ ಮುಂದಾಳು. ಬ್ಯಾಂಡನ್ನು ಮಂಡಿಯ ಬಳಿ ಹಾಕುವುದಕ್ಕಿಂತ ಪಾದದ ಮುಂಭಾಗಕ್ಕೆ ಸುತ್ತಿದರೆ ಪೃಷ್ಠದ ಕೆಲಸ ಏರುತ್ತದೆ, ಟೆನ್ಸರ್‌ನದು ಏರುವುದಿಲ್ಲ. ಇಲ್ಲಿ ಹೆಚ್ಚು ದುಡಿಯುವುದು ಚಲಿಸುವ ಕಾಲಲ್ಲ, ನೆಲಕ್ಕೆ ಊರಿ ನಿಂತ ಕಾಲು. ಆದ್ದರಿಂದ ನಿಧಾನ ಹೆಜ್ಜೆ.

ಬಲ ಬಂತು, ಮಂಡಿ ಇನ್ನೂ ವಾಲುತ್ತಿದೆ

ಇದೇ ಅತಿ ಸಾಮಾನ್ಯ ದೂರು. ಎಂಟು ವಾರದ ಬಳಿಕ ತಕ್ಕಡಿಯ ಅಂಕಿ 25 ಪ್ರತಿಶತ ಏರಿರುತ್ತದೆ, ನೋವೂ ತಗ್ಗಿರುತ್ತದೆ, ವಿಡಿಯೊ ಮಾತ್ರ ಹಾಗೇ ಇರುತ್ತದೆ. ಆಶ್ಚರ್ಯವಿಲ್ಲ. ಮಲಗಿ ಗಳಿಸಿದ ಬಲ ನಿಂತಾಗಿನ ಚಲನೆಗೆ ತಾನಾಗಿ ಇಳಿದು ಬರುವುದಿಲ್ಲ. ಚಲನೆಯನ್ನು ಬೇರೆಯಾಗಿ ಕಲಿಸಬೇಕು. ಕನ್ನಡಿಯ ಎದುರು, ಮೊದಲು 10 ಸೆಂ.ಮೀ. ಮಣೆ, ನಂತರ 15, 20. ಮೊದಲ ವಾರ ಪ್ರತಿ ಸಲವೂ ಕನ್ನಡಿ ನೋಡಲಿ, ಎರಡನೇ ವಾರ ಎರಡಕ್ಕೊಮ್ಮೆ, ಮೂರನೇ ವಾರದಿಂದ ಸುತ್ತಿನ ಕೊನೆಗೆ ಮಾತ್ರ. ಕನ್ನಡಿ ತೆಗೆಯದೆ ಇದ್ದರೆ ಕನ್ನಡಿಯ ಮುಂದೆ ಮಾತ್ರ ನೇರವಾಗಿ ಇಳಿಯುವ ಮಂಡಿ ಸಿಗುತ್ತದೆ. ಸೂಚನೆ ಕೊಡುವಾಗ ಸ್ನಾಯುವಿನ ಹೆಸರು ಹೇಳಬೇಡಿ. ‘ಗ್ಲೂಟ್ ಬಿಗಿ ಮಾಡಿ’ ಎಂದರೆ ಜನ ಉಸಿರು ಕಟ್ಟುತ್ತಾರೆ. ‘ಮಂಡಿಯಿಂದ ಈ ಕೋಲನ್ನು ಮುಟ್ಟಿ’ ಎಂದು ಎರಡನೇ ಬೆರಳಿನ ಮುಂದೆ ಕೋಲು ನಿಲ್ಲಿಸಿದರೆ ದೇಹ ತಾನೇ ದಾರಿ ಕಂಡುಕೊಳ್ಳುತ್ತದೆ.

ಓಟದಲ್ಲಿ ಮಾತ್ರ ವಾಲುವವರಿಗೆ ಇನ್ನೂ ಸುಲಭದ ಉಪಾಯವಿದೆ. ವೇಗ ಬದಲಿಸದೆ ನಿಮಿಷದ ಹೆಜ್ಜೆಗಳನ್ನು 5–10 ಪ್ರತಿಶತ ಹೆಚ್ಚಿಸಿ. 160 ಇದ್ದರೆ 168ರಿಂದ 176. ಹೆಜ್ಜೆ ಗಿಡ್ಡವಾಗುತ್ತದೆ, ಮಂಡಿಯ ಮೇಲಿನ ಹೊರೆ ತಗ್ಗುತ್ತದೆ, 10 ಪ್ರತಿಶತ ಏರಿಸಿದಾಗ ತೊಡೆ ಒಳಕ್ಕೆ ಸರಿಯುವುದೂ ಕಡಿಮೆಯಾಗುತ್ತದೆ. ಮೀನಖಂಡ ಮೊದಲೆರಡು ವಾರ ನೋಯಬಹುದು, ಆದ್ದರಿಂದ ಓಟದ ದೂರವನ್ನು ಅಷ್ಟು ದಿನ ಏರಿಸಬೇಡಿ. ಎರಡೂ ಪಾದಗಳು ಒಂದೇ ಗೆರೆಯ ಮೇಲೆ ಬೀಳುತ್ತಿದ್ದರೆ ನಡುವೆ ಗೆರೆ ಎಳೆದು ಅದರ ಆಚೀಚೆ ಹೆಜ್ಜೆ ಇಡಿಸಿ.

ಜಿಗಿತದಲ್ಲಿ ಎಚ್ಚರ ಹೆಚ್ಚು ಬೇಕು, ಮಂಡಿಯೊಳಗಿನ ಮುಂಭಾಗದ ಅಸ್ಥಿಬಂಧ ಎಸಿಎಲ್ ಹರಿಯುವುದು ಇಂಥ ಇಳಿತಗಳಲ್ಲೇ. 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 205 ಆಟಗಾರ್ತಿಯರ ಇಳಿತವನ್ನು ಮೊದಲೇ ಅಳೆದಿದ್ದರು. ಆಮೇಲೆ ಎಸಿಎಲ್ ಹರಿದ 9 ಮಂದಿಯಲ್ಲಿ ಮಂಡಿಯನ್ನು ಒಳಕ್ಕೆ ತಳ್ಳುವ ಬಲ ಸ್ಪಷ್ಟವಾಗಿ ಹೆಚ್ಚಿತ್ತು. ಅಂದಿನಿಂದ ಜಿಗಿತ ಪರೀಕ್ಷೆಗೆ ಬಹಳ ಮರ್ಯಾದೆ. ಆದರೆ ಒಬ್ಬ ವ್ಯಕ್ತಿಯ ವಿಡಿಯೊ ನೋಡಿ ‘ನಿನ್ನ ಎಸಿಎಲ್ ಹರಿಯುತ್ತದೆ’ ಎಂದು ಹೇಳುವಷ್ಟು ನಿಖರತೆ ಯಾವ ಪರೀಕ್ಷೆಗೂ ಇಲ್ಲ. ವಾಲುವವರಲ್ಲಿ ಬಹುಪಾಲು ಮಂದಿಗೆ ಏನೂ ಆಗುವುದಿಲ್ಲ. ಹೆದರಿಸುವ ಬದಲು ಇಡೀ ತಂಡಕ್ಕೆ, ಫುಟ್‌ಬಾಲ್ ಆಟಗಾರರಿಗೆಂದು ರೂಪಿಸಿದ ಫಿಫಾ 11+ ನಂಥ 20 ನಿಮಿಷದ ಸಿದ್ಧತಾ ವ್ಯಾಯಾಮವನ್ನು ವಾರಕ್ಕೆ ಎರಡು ಸಲವಾದರೂ ಮಾಡಿಸುವುದು ಜಾಣತನ. ಇಳಿತ ಕಲಿಸುವಾಗ 30 ಸೆಂ.ಮೀ. ಪೆಟ್ಟಿಗೆಯಿಂದ ಎರಡು ಕಾಲಲ್ಲಿ ಶುರು ಮಾಡಿ; ಸದ್ದಿಲ್ಲದೆ ಇಳಿಯಲು ಹೇಳಿ. ಸದ್ದು ತಗ್ಗಿಸಲು ಮಂಡಿ ಸೊಂಟ ಎರಡೂ ಮಡಚಲೇಬೇಕು, ಒಳವಾಲೂ ಅದರೊಂದಿಗೆ ಎಷ್ಟೋ ಇಳಿಯುತ್ತದೆ.

ದಣಿದ ಮೇಲೆ ಮಾತ್ರ ವಾಲುತ್ತದೆ ಎಂದು ಹೇಳುವವರನ್ನು ತಾಜಾ ಇರುವಾಗ ಪರೀಕ್ಷಿಸಿ ಏನೂ ಸಿಗದು. ಅಭ್ಯಾಸದ ಕೊನೆಗೆ ವಿಡಿಯೊ ತೆಗೆಯಿರಿ.

ಭಾರ ಎತ್ತುವವರಲ್ಲಿ ಇನ್ನೊಂದು ನಮೂನೆ ಇದೆ: ಸ್ಕ್ವಾಟ್‌ನ ತಳದಿಂದ ಮೇಲೇಳುವ ಮೊದಲ ಕ್ಷಣದಲ್ಲಿ ಎರಡೂ ಮಂಡಿ ಒಳಕ್ಕೆ ಬಂದು ಮತ್ತೆ ಹೊರಗೆ ಹೋಗುತ್ತವೆ. ಆ ಆಳದಲ್ಲಿ ತೊಡೆಯ ಒಳಭಾಗದ ಅಡಕ್ಟರ್ ಮ್ಯಾಗ್ನಸ್ ಸೊಂಟವನ್ನು ಬಿಡಿಸುವ ಬಲವಾದ ಸ್ನಾಯು. ಭಾರ ಎತ್ತಲು ಅದು ಎಳೆದಾಗ ತೊಡೆಯೂ ಜೊತೆಗೆ ಒಳಬರುತ್ತದೆ. ಗರಿಷ್ಠ ಭಾರದಲ್ಲಿ ಒಂದೆರಡು ಸೆಂ.ಮೀ. ಸರಿದು ಮರಳಿದರೆ, ನೋವಿಲ್ಲದಿದ್ದರೆ, ಬಿಟ್ಟುಬಿಡಬಹುದು. ಮಂಡಿ ಪಾದದ ಒಳ ಅಂಚನ್ನು ದಾಟಿ ಅಲ್ಲೇ ಉಳಿದರೆ ಭಾರವನ್ನು 15–20 ಪ್ರತಿಶತ ಇಳಿಸಿ, ತಳದಲ್ಲಿ ಎರಡು ಸೆಕೆಂಡ್ ನಿಂತು ಏಳುವ ಅಭ್ಯಾಸ ಮಾಡಿಸಿ. ಮಂಡಿಗೆ ಬ್ಯಾಂಡ್ ಹಾಕಿ ಹೊರಕ್ಕೆ ತಳ್ಳಿಸುವುದು ಕೆಲವರಿಗೆ ಸೂಚನೆಯಂತೆ ಕೆಲಸ ಮಾಡುತ್ತದೆ. ಇನ್ನು ಕೆಲವರಲ್ಲಿ ಬ್ಯಾಂಡೇ ಮಂಡಿಯನ್ನು ಒಳಕ್ಕೆ ಎಳೆಯುತ್ತದೆ. ಹಾಕಿ ಒಂದು ವಿಡಿಯೊ, ಹಾಕದೆ ಒಂದು ವಿಡಿಯೊ ತೆಗೆದು ನೋಡಿ, ಕೆಡಿಸುತ್ತಿದ್ದರೆ ಕಳಚಿಡಿ.